ಸೆಲ್ಮಾ ಲಾಗರ್‌ಲೊಫ್: ಐವತ್ತು ವರ್ಷ ಮುಚ್ಚಿಟ್ಟ ಒಲವು

ಸಾಹಿತ್ಯಕ್ಕೆ ನೊಬೆಲ್ ಪ್ರಶಸ್ತಿ ಪಡೆದ ಪ್ರಥಮ ಮಹಿಳೆ ಎಂಬ ಕೀರ್ತಿಗೆ ಪಾತ್ರರಾದ ಸ್ವೀಡನ್ನಿನ ಸೆಲ್ಮಾ ಲಾಗರ್‌ಲೊಫ್ ಜನಿಸಿದ್ದು 1858ರ ನವೆಂಬರ್ 20ರಂದು, ವರ್ಮ್‌ಲ್ಯಾಂಡ್ ಪ್ರಾಂತ್ಯದ ಮೋರ್ಬಾಕಾದಲ್ಲಿ. ಹಿಂದೆ ಲುಥೆರನ್ ಪಾದ್ರಿಗಳು ವಾಸವಾಗಿದ್ದ ಮನೆ ಅದು. ಅವರ ವಂಶದಲ್ಲೂ ಪಾದ್ರಿಗಳಿದ್ದರು. ಸೊಂಟದ ಊನದಿಂದ ಬಳಲುತ್ತಿದ್ದ ಬಾಲಕಿಗೆ ಅಜ್ಜಿ ಹೇಳುವ ಕಥೆಗಳೇ ಆಟವಾದವು.

1885ರಲ್ಲಿ ತಂದೆ ತೀರಿಕೊಂಡರು. ಸಾಲದ ಹೊರೆಯಿಂದ ಮನೆಯೂ ಕೈತಪ್ಪಿತು. ಲಾಂಡ್ಸ್‌ಕ್ರೋನಾದ ಬಾಲಿಕೆಯರ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಾಗಲೇ ಅವರು ಬರೆದ ಮೊದಲ ಕಾದಂಬರಿ 'ಗೋಸ್ಟಾ ಬೆರ್ಲಿಂಗ್' 1891ರಲ್ಲಿ ಪ್ರಕಟವಾಯಿತು. ಕುಡಿತದಿಂದ ಪಾದ್ರಿ ಪದವಿ ಕಳೆದುಕೊಂಡು ಸಭೆಯಿಂದ ಹೊರಬಿದ್ದವನೇ ಅದರ ನಾಯಕ.

1894ರಲ್ಲಿ ಲೇಖಕಿ ಸೋಫಿ ಎಲ್ಕನ್ ಅವರ ಪರಿಚಯವಾಯಿತು. ಯಹೂದಿ ಮನೆತನದ ಎಲ್ಕನ್, ಪತಿಯನ್ನೂ ಪುಟ್ಟ ಮಗಳನ್ನೂ ಕ್ಷಯರೋಗಕ್ಕೆ ಕಳೆದುಕೊಂಡವರು. ಇಬ್ಬರೂ ಜೊತೆಯಾಗಿ ಇಟಲಿ, ಈಜಿಪ್ಟ್, ಪ್ಯಾಲೆಸ್ಟೈನ್ ಸುತ್ತಿದರು. ಊರು ತೊರೆದು ಜೆರುಸಲೇಮಿಗೆ ವಲಸೆ ಹೋದ ಸ್ವೀಡನ್ನಿನ ರೈತರ ಕಥೆಯಾದ 'ಜೆರುಸಲೇಮ್' ಕಾದಂಬರಿ ಆ ಪ್ರವಾಸದ ಫಲ. 1897ರಲ್ಲಿ ಫಾಲುನ್ ಪಟ್ಟಣಕ್ಕೆ ಬಂದ ನಂತರ ಶಿಕ್ಷಕಿ ವಾಲ್ಬೋರ್ಗ್ ಒಲಾಂಡರ್ ಹತ್ತಿರವಾದರು. ಹಸ್ತಪ್ರತಿಗಳ ನಕಲಿನಿಂದ ಪತ್ರ ವ್ಯವಹಾರದವರೆಗೆ ಸಕಲ ಹೊಣೆಯನ್ನೂ ಹೊತ್ತವರು ಒಲಾಂಡರ್. ಈ ನಂಟು ಎಲ್ಕನ್‌ರಲ್ಲಿ ಅಸೂಯೆಯನ್ನೂ ಹುಟ್ಟಿಸಿತು.

1909ರಲ್ಲಿ ನೊಬೆಲ್ ಬಂತು. ಕಳೆದುಹೋದ ಮೋರ್ಬಾಕಾವನ್ನು ಅವರು ಮರಳಿ ಕೊಂಡರು. 1914ರಲ್ಲಿ ಸ್ವೀಡಿಷ್ ಅಕಾಡೆಮಿಯ ಪ್ರಥಮ ಮಹಿಳಾ ಸದಸ್ಯೆಯಾದರು. ಸ್ತ್ರೀಯರ ಮತದಾನದ ಹಕ್ಕಿಗಾಗಿ ವೇದಿಕೆಯೇರಿ ಮಾತನಾಡಿದ ಇದೇ ಲೇಖಕಿ ತಮ್ಮ ಒಲವಿನ ಕುರಿತು ಮಾತ್ರ ಮೌನವಾಗಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. 1864ರ ದಂಡಸಂಹಿತೆಯು ಸಲಿಂಗ ಸಂಬಂಧಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಎರಡು ವರ್ಷದವರೆಗಿನ ಕಠಿಣ ಶಿಕ್ಷೆ ವಿಧಿಸಿತ್ತು. ಅಂದು ರಾಷ್ಟ್ರದ ಅಧಿಕೃತ ಧರ್ಮಸಂಸ್ಥೆಯಾಗಿದ್ದ ಲುಥೆರನ್ ಚರ್ಚ್ ಅದನ್ನು ಪಾಪವೆಂದೇ ಬೋಧಿಸುತ್ತಿತ್ತು.

1940ರ ಮಾರ್ಚ್ 16ರಂದು ಮೋರ್ಬಾಕಾದಲ್ಲಿ ಅವರು ನಿಧನರಾದರು. ಆ ಕಾನೂನು ರದ್ದಾದದ್ದು ನಾಲ್ಕು ವರ್ಷಗಳ ನಂತರ, 1944ರಲ್ಲಿ. ಐವತ್ತು ವರ್ಷ ಮುಚ್ಚಿಡಲಾಗಿದ್ದ ಪತ್ರಗಳು 1990ರಲ್ಲಿ ಸಂಶೋಧಕರಿಗೆ ದೊರೆತವು. ಎಲ್ಕನ್‌ರಿಗೆ ಬರೆದವು 1992ರಲ್ಲಿ, ಒಲಾಂಡರ್‌ರಿಗೆ ಬರೆದವು 2006ರಲ್ಲಿ ಗ್ರಂಥರೂಪ ತಳೆದವು. ಸಂಬಂಧದ ಸ್ವರೂಪದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದ್ದರೂ, ಅದು ಗಾಢ ಪ್ರೇಮವೆಂಬುದಕ್ಕೆ ಪತ್ರಗಳೇ ಸಾಕ್ಷಿ.

ಅಷ್ಟರಲ್ಲಿ ಚರ್ಚೂ ಬದಲಾಗತೊಡಗಿತ್ತು. 2009ರ ಅಕ್ಟೋಬರ್ 22ರಂದು ಸ್ವೀಡನ್ ಚರ್ಚಿನ ಮಹಾಸಭೆ ಸಲಿಂಗಿ ಜೋಡಿಗಳ ವಿವಾಹಕ್ಕೆ ಸಮ್ಮತಿಸಿತು. 249 ಸದಸ್ಯರಲ್ಲಿ 176 ಮಂದಿ ಪರವಾಗಿ ಮತ ಚಲಾಯಿಸಿದರು. ಒಪ್ಪದ ಪಾದ್ರಿ ಅಂಥ ವಿವಾಹ ನೆರವೇರಿಸಲೇಬೇಕೆಂಬ ಕಟ್ಟಳೆಯಿಲ್ಲ. ಅದೇ ವರ್ಷ ತಾವು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ಎವಾ ಬ್ರುನ್ನೆ ಸ್ಟಾಕ್‌ಹೋಮಿನ ಬಿಷಪ್ ಪೀಠವನ್ನೇರಿದರು.

ಲಾಗರ್‌ಲೊಫ್‌ರ ಕೃತಿಗಳನ್ನು ಮೆಚ್ಚಿದ ನಾಡು ಅವರ ಬದುಕಿನ ಅರ್ಧವನ್ನಷ್ಟೇ ಗೌರವಿಸಿತ್ತು. ಉಳಿದರ್ಧವನ್ನು ಬಚ್ಚಿಟ್ಟು ಪಡೆದ ಸ್ಥಾನ ಪೂರ್ಣ ಸ್ವಾಗತವೆನಿಸದು. ಅವರ ಸಮಾಧಿ ಇರುವುದು ಓಸ್ಟ್ರಾ ಎಮ್ಟರ್‌ವಿಕ್ ಚರ್ಚಿನ ಆವರಣದಲ್ಲಿ. ಅವರ ಕಾಲದಲ್ಲಿ ಯೋಚಿಸಲೂ ಆಗದಿದ್ದ ಮಾತು ಇಂದು ಅದೇ ಧರ್ಮಸಂಸ್ಥೆಯ ನಿಯಮವಾಗಿದೆ: ಇಬ್ಬರು ಸ್ತ್ರೀಯರು ವೇದಿಯ ಮುಂದೆ ನಿಂತು ಸತಿಯರಾಗಬಹುದು.