ಮೂವತ್ತೆಂಟು ರೂಪಾಯಿಯಿಂದ ಹೊರಟ ಬ್ಯಾಂಕು: ಹಾಜಿ ಅಬ್ದುಲ್ಲಾ ಸಾಹೇಬರು

ಉಡುಪಿಯ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದ್ದೂರ್ ಅವರ ಹೆಸರು ನಮ್ಮ ಮನೆಗಳಲ್ಲಿ ಗೊತ್ತಿಲ್ಲದ್ದೇನಲ್ಲ. ಕಾರ್ಪೊರೇಶನ್ ಬ್ಯಾಂಕು ಕಟ್ಟಿದವರು, ಆಸ್ಪತ್ರೆಗೆ ಜಾಗ ಕೊಟ್ಟವರು ಅಂತ ಹಿರಿಯರು ಹೇಳುತ್ತಾರೆ. ಆದರೆ ಈಗ ಆ ಬ್ಯಾಂಕಿನ ಬೋರ್ಡೇ ಇಲ್ಲ. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋಯಿತು. ಬೋರ್ಡಿನ ಜೊತೆ ಆ ಮನುಷ್ಯನ ನೆನಪೂ ಹೋಗಬಾರದಲ್ಲ, ಅದಕ್ಕೇ ಈ ವಾರ ಅವರ ಬಗ್ಗೆ ಬರೆಯುತ್ತಿದ್ದೇವೆ.

1906ರ ಉಡುಪಿ ಈಗಿನ ಉಡುಪಿ ಅಲ್ಲ. ರೈಲಿಲ್ಲ, ಹೊಳೆಗಳಿಗೆ ಸೇತುವೆಯಿಲ್ಲ. ಮದ್ರಾಸ್ ಪ್ರಾಂತ್ಯದ ಒಂದು ಮೂಲೆಯ ಪೇಟೆ. ಮದುವೆಗೋ, ಬಿತ್ತನೆಗೋ, ಅಂಗಡಿ ಮಾಲಿಗೋ ದುಡ್ಡು ಬೇಕಾದರೆ ಸಾಹುಕಾರನ ಜಗಲಿಯೇ ಗತಿ. ಅವನು ಹೇಳಿದ್ದೇ ಬಡ್ಡಿ, ಬರೆದದ್ದೇ ಲೆಕ್ಕ. ನಾಲ್ಕು ಕಾಸು ಉಳಿದರೆ ಇಡಲು ಭದ್ರವಾದ ಜಾಗವೂ ಇರಲಿಲ್ಲ. ವ್ಯಾಪಾರಸ್ಥ ಮನೆತನದ ಅಬ್ದುಲ್ಲಾ ಸಾಹೇಬರಿಗೆ ಆಗಿನ್ನೂ ಚಿಕ್ಕ ಪ್ರಾಯ. ಊರಿನ ಕೆಲವರನ್ನು ಜೊತೆಗೆ ಸೇರಿಸಿಕೊಂಡು ಆ ವರ್ಷದ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್ ಶುರು ಮಾಡಿದರು. ಮೊದಲಿಗೆ ಅದು ನಿಧಿಯ ರೀತಿಯಲ್ಲಿ ನಡೆಯಿತು. ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ!

ನಮಗೆ ಮುಖ್ಯವಾಗಿ ಕಾಣುವುದು ಹಣದ ಮೊತ್ತವಲ್ಲ, ಅವರು ಇಟ್ಟುಕೊಂಡ ಉದ್ದೇಶ. ಜಾತಿ ಮತ ನೋಡದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ, ಒಬ್ಬರಿಗೊಬ್ಬರು ಆಗುವ ಅಭ್ಯಾಸ ಬೆಳೆಸುವುದು ಅಂತ ಆಗಲೇ ಬರೆದಿಟ್ಟಿದ್ದರು. ಬಡ್ಡಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇವತ್ತೂ ಚರ್ಚೆ ನಿಂತಿಲ್ಲ. ಅದನ್ನು ತಿಳಿದವರಿಗೆ ಬಿಡೋಣ. ಸಾಹುಕಾರನ ಕೈಯಿಂದ ಬಡವನನ್ನು ಬಿಡಿಸಬೇಕು ಅನ್ನುವ ಕಳಕಳಿಯಂತೂ ಅಲ್ಲಿ ಇದ್ದೇ ಇತ್ತು.

ಕಾಲವೂ ಸುಲಭದ್ದಾಗಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಎಂಬ ಬ್ರಿಟಿಷ್ ಬ್ಯಾಂಕು ಮುಳುಗಿ ಸಾವಿರಾರು ಜನರ ಠೇವಣಿ ಹೋಯಿತು. ದೊರೆಗಳ ಬ್ಯಾಂಕೇ ಹೋದ ಮೇಲೆ ಉಡುಪಿಯ ಪುಟ್ಟ ನಿಧಿಯನ್ನು ಯಾರು ನಂಬಬೇಕು? ಆದರೂ ಜನ ನಂಬಿದರು. ಆದರೆ ಓಡಲಿಲ್ಲ, ನಿಧಾನಕ್ಕೆ ನಡೆಯಿತು. ಎರಡನೇ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಅಂದರೆ ಹದಿನೇಳು ವರ್ಷದ ನಂತರ. ಮಂಗಳೂರಿಗೆ ಬಂದದ್ದು 1926ರಲ್ಲಿ. 1929ರ ವರೆಗೆ ಸಾಹೇಬರೇ ಅಧ್ಯಕ್ಷರು.

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಕಡೆಯ ನಮ್ಮ ಓದುಗರು ಬ್ಯಾಂಕಿನ ಹೆಸರಲ್ಲಿದ್ದ ಕೆನರಾ ಎಂಬ ಮಾತನ್ನು ಗಮನಿಸಬೇಕು. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸುವವರೆಗೆ ಉಡುಪಿಯೂ ಹಳಿಯಾಳವೂ ಒಂದೇ ಸೀಮೆ. ಆಮೇಲೆ ಸರಕಾರ ಬೇರೆ, ಕಚೇರಿ ಬೇರೆ. ಬ್ಯಾಂಕುಗಳು ಹುಟ್ಟಿದ್ದೆಲ್ಲ ತೆಂಕಣ ಕೆನರಾದಲ್ಲೇ. ಅದೇ 1906ರ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಈಗಿನ ಕೆನರಾ ಬ್ಯಾಂಕಿಗೆ ನಾಂದಿ ಹಾಕಿದರು. ಒಂದೇ ಜಿಲ್ಲೆ, ನಾಲ್ಕು ತಿಂಗಳೊಳಗೆ ಎರಡು ಬ್ಯಾಂಕು.

ಸಾಹೇಬರ ಕೈ ದೊಡ್ಡದು. ಕೃಷ್ಣ ಮಠದ ಲಕ್ಷದೀಪಕ್ಕೆ ಎಣ್ಣೆ ಸಿಗದ ಕಾಲದಲ್ಲಿ ಅವರೇ ಎಣ್ಣೆ ಒದಗಿಸಿದ್ದರು ಅಂತ ಉಡುಪಿಯಲ್ಲಿ ಈಗಲೂ ಹೇಳುತ್ತಾರೆ. ಪೇಟೆಯ ನಡುವಿನ ತಮ್ಮ ಜಾಗವನ್ನು ಸರಕಾರಿ ಆಸ್ಪತ್ರೆಗೆ ಕೊಟ್ಟರು. 1935ರಲ್ಲಿ ತೀರಿಕೊಂಡರು.

ಬ್ಯಾಂಕು ಮುಂದೆ 1972ರಲ್ಲಿ ಕಾರ್ಪೊರೇಶನ್ ಬ್ಯಾಂಕಾಯಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು. ವಿಲೀನದ ಹೊತ್ತಿಗೆ ದೇಶದಲ್ಲಿ 2,400ಕ್ಕೂ ಹೆಚ್ಚು ಶಾಖೆ. ಆಸ್ಪತ್ರೆಯ ಜಾಗವನ್ನು ಖಾಸಗಿಯವರಿಗೆ ವಹಿಸುವ ಮಾತು ಬಂದಾಗ, ಬಡವರಿಗೆಂದು ಕೊಟ್ಟ ನೆಲ ಅಂತ ಉಡುಪಿಯ ಜನ ಜಾತಿ ಮತ ಬಿಟ್ಟು ಆಕ್ಷೇಪಿಸಿದ್ದು ನೆನಪಿರಬಹುದು. ಉಡುಪಿಗೆ ಹೋದವರು ಸಾಹೇಬರ ಹಳೇ ಮನೆಯನ್ನೂ ನೋಡಿ ಬನ್ನಿ. ಬ್ಯಾಂಕು ಅದನ್ನು ನಾಣ್ಯಗಳ ಮ್ಯೂಸಿಯಂ ಮಾಡಿತು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಆಣೆ, ಪೈ ಅಂದರೇನೆಂದು ಕಣ್ಣಾರೆ ಕಾಣಬಹುದು.