ಮಾಂಟೇಗು ಸಾಹೇಬರೂ ಅವರ ದಿನಚರಿಯೂ

ಲೋಣಾವಳಾದಲ್ಲಿ ನೆಲೆಸಿರುವ ನಮ್ಮಂಥವರ ಮನೆಗೆ ನಾಡಿನಿಂದ ನೆಂಟರು ಬಂದರೆ, ಮೊದಲು ಕರೆದೊಯ್ಯುವುದು ಕೆರೆಕಟ್ಟೆಗಳ ಕಡೆಗೆ. ಇಲ್ಲಿನ ಟಾಟಾ ವಿದ್ಯುತ್ ಯೋಜನೆಯ ಕಟ್ಟೆಗೆ ೧೯೧೧ರಲ್ಲಿ ಅಡಿಗಲ್ಲಿಟ್ಟವರು ಮುಂಬಯಿಯ ಗವರ್ನರರಾಗಿದ್ದ ಸರ್ ಜಾರ್ಜ್ ಕ್ಲಾರ್ಕ್. ಇದೇ ಗೃಹಸ್ಥರು ಇಂಗ್ಲೆಂಡಿಗೆ ಮರಳಿ ಲಾರ್ಡ್ ಸಿಡೆನ್‌ಹ್ಯಾಮ್ ಎನಿಸಿಕೊಂಡ ಮೇಲೆ, ಭಾರತೀಯರ ಕೈಗೆ ಅಧಿಕಾರ ಕೊಡಕೂಡದೆಂದು ದೊಡ್ಡ ಚಳವಳಿಯನ್ನೇ ಹೂಡಿದರು. ಆ ಚಳವಳಿಗೆ ಗುರಿಯಾದವರು ಎಡ್ವಿನ್ ಮಾಂಟೇಗು. ರಾಜ್ಯೋತ್ಸವದ ಸಂಚಿಕೆಯಲ್ಲಿ ಈ ಸಾಹೇಬರ ಸುದ್ದಿ ಏತಕ್ಕೆಂದು ವಾಚಕರು ಕೇಳಬಹುದು. ಕಾರಣವುಂಟು, ಮುಂದೆ ಅರಿಕೆ ಮಾಡುತ್ತೇವೆ.

ಮಾಂಟೇಗು ಹುಟ್ಟಿದ್ದು ಲಂಡನ್ನಿನಲ್ಲಿ, ೧೮೭೯ರ ಫೆಬ್ರವರಿ ೬ರಂದು. ಸಿರಿವಂತ ಯಹೂದಿ ಮನೆತನ. ತಂದೆ ಹೆಸರಾಂತ ಬ್ಯಾಂಕೊಂದರ ಸ್ಥಾಪಕರು, ಮತಾಚಾರದಲ್ಲಿ ಬಹು ಕಟ್ಟುನಿಟ್ಟು. ಮಗ ಬ್ಯಾಂಕಿನತ್ತ ತಲೆ ಹಾಕದೆ ಕೇಂಬ್ರಿಜ್‌ನಲ್ಲಿ ಓದಿ, ೧೯೦೬ರಲ್ಲಿ ಲಿಬರಲ್ ಪಕ್ಷದಿಂದ ಪಾರ್ಲಿಮೆಂಟು ಸೇರಿದರು. (ದಿನವೂ ಲೆಡ್ಜರು ತಿರುವುವ ನಮಗೆ ಇಲ್ಲಿ ತುಸು ಅಸೂಯೆಯೆನಿಸಿದ್ದು ಸುಳ್ಳಲ್ಲ.) ಪ್ರಧಾನಿ ಆಸ್ಕ್ವಿತ್ತರ ಕೃಪೆಯಿಂದ ಮೇಲೇರಿದವರು, ಆ ಹಿರಿಯರು ಎಡೆಬಿಡದೆ ಓಲೆ ಬರೆಯುತ್ತಿದ್ದ ವೆನೀಷಿಯಾ ಸ್ಟಾನ್ಲಿಯನ್ನು ೧೯೧೫ರಲ್ಲಿ ತಾವೇ ಮದುವೆಯಾಗಿ ಅವರ ಮನಸ್ಸನ್ನು ನೋಯಿಸಿದರು.

೧೯೧೭ರ ಜುಲೈಯಲ್ಲಿ ಭಾರತ ಮಂತ್ರಿಯಾದರು. ಆಗಸ್ಟ್ ೨೦ರಂದು, ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವುದೇ ಬ್ರಿಟನ್ನಿನ ಧ್ಯೇಯವೆಂದು ಸಾರಿದರು. ಅದೇ ತಿಂಗಳು, ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ನೆಲೆ ಕಲ್ಪಿಸುವ ಯೋಜನೆಯನ್ನು ಸ್ವತಃ ಯಹೂದಿಯಾಗಿದ್ದೂ ಕಟುವಾಗಿ ವಿರೋಧಿಸಿದರು. ಹಾಗಾದರೆ ತಮ್ಮವರು ಇದ್ದ ಊರುಗಳಲ್ಲೇ ಪರಕೀಯರೆನಿಸಿಯಾರೆಂಬುದು ಅವರ ಭಯ. ಊರು ಬಿಟ್ಟು ಬಂದು ಬಾಳುತ್ತಿರುವ ನಮಗೆ ಈ ಭಯ ಅರ್ಥವಾಗದ್ದಲ್ಲ.

ನವೆಂಬರ್ ೧೦ರಂದು ಮುಂಬಯಿಯಲ್ಲಿ ಇಳಿದರು. ಆರು ತಿಂಗಳ ಕಾಲ ನಿಯೋಗಗಳು, ಬಿನ್ನವತ್ತಳೆಗಳು, ಔತಣಗಳು, ನಡುನಡುವೆ ಬೇಟೆ. ಇವೆಲ್ಲವನ್ನೂ ಮುಚ್ಚುಮರೆಯಿಲ್ಲದೆ ದಿನಚರಿಯಲ್ಲಿ ಬರೆದಿಟ್ಟರು. ಗಾಂಧಿಯವರು ಕೂಲಿಯವನಂತೆ ಉಟ್ಟು ಗಾಳಿಯನ್ನೇ ಉಂಡು ಬದುಕುವ ಕನಸುಗಾರರೆಂದು ಕಂಡರು. ತರುಣ ಜಿನ್ನಾರ ತರ್ಕದ ಮುಂದೆ ವೈಸರಾಯ್ ಚೆಲ್ಮ್ಸ್‌ಫರ್ಡರು ತೊಡಕಿಗೆ ಸಿಕ್ಕಿದ್ದನ್ನೂ ಬರೆದರು. ಶಿವನು ಹೆಂಡತಿಯನ್ನು ಐವತ್ತೆರಡು ತುಂಡು ಮಾಡಿದರೆ ಐವತ್ತೆರಡು ಹೆಂಡಿರಾದರೆಂಬ ಕಥೆ ಕೇಳಿ, ಬೆಸೆಂಟಮ್ಮನವರನ್ನು ಬಂಧಿಸಿದ ಸರ್ಕಾರಕ್ಕೂ ಅದೇ ಗತಿಯಾಯಿತೆಂದು ನಕ್ಕರು. ನಮ್ಮ ಪುರಾಣ ಅವರ ಕೈಯಲ್ಲಿ ಸ್ವಲ್ಪ ಬದಲಾಗಿದೆ, ಆದರೂ ಮಾತು ಸರಿಯೇ.

ಈಗ ನಮ್ಮ ಕಾರಣ. ಆಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳಲ್ಲಿ ಹರಿದು ಹಂಚಿಹೋಗಿದ್ದರು. ೧೯೧೮ರ ಮಾಂಟೇಗು-ಚೆಲ್ಮ್ಸ್‌ಫರ್ಡ್ ವರದಿಯು, ಪ್ರಾಂತಗಳು ಚಿಕ್ಕದಾಗಿ, ಭಾಷೆಗೆ ಹೊಂದಿದಂತಿದ್ದರೆ ಆಡಳಿತ ಸುಲಭವಾಗುವುದು, ಇಂಗ್ಲಿಷ್ ಬಾರದವರೂ ಶಾಸನಸಭೆಯಲ್ಲಿ ತಮ್ಮ ನುಡಿಯಲ್ಲಿ ಮಾತಾಡಬಹುದು ಎಂದು ಒಪ್ಪಿಕೊಂಡಿತು. ಒಪ್ಪಿ, ಈಗ ಬೇಡವೆಂದು ಮುಂದಕ್ಕೆ ತಳ್ಳಿತು! ಧಾರವಾಡದವರ ಪಾಲಿಗೆ ಆ ಮುಂದು ಬಂದದ್ದು ೧೯೫೬ರ ನವೆಂಬರ್ ೧ರಂದು, ಮೂವತ್ತೆಂಟು ವರ್ಷಗಳ ಮೇಲೆ. ನ್ಯಾಯ ಕಂಡೂ ಕೈ ಹಾಕಲಿಲ್ಲವೆಂಬ ದೂರು ನಮ್ಮಲ್ಲಿ ಇನ್ನೂ ಇದೆ.

ಆದರೂ ಅವರು ಹೇಡಿಯಾಗಿರಲಿಲ್ಲ. ೧೯೨೦ರ ಜುಲೈ ೮ರಂದು, ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ಡೈಯರನ ಕೃತ್ಯವನ್ನು ಪಾರ್ಲಿಮೆಂಟಿನಲ್ಲಿ ಭಯೋತ್ಪಾದನೆಯೆಂದೇ ಖಂಡಿಸಿದರು; ಎದುರಿನವರು ಕೂಗೆಬ್ಬಿಸಿದರು, ಯಹೂದಿಯೆಂಬ ಹಗೆಯೂ ಅದರಲ್ಲಿ ಬೆರೆತಿತ್ತು. ೧೯೨೨ರ ಮಾರ್ಚಿಯಲ್ಲಿ, ತುರ್ಕಿಯ ವಿಷಯವಾಗಿ ಭಾರತ ಸರ್ಕಾರ ಕಳುಹಿಸಿದ ತಂತಿಯನ್ನು ಮಂತ್ರಿಮಂಡಲವನ್ನು ಕೇಳದೆ ಪ್ರಕಟಿಸಲು ಬಿಟ್ಟುದಕ್ಕೆ ಪದವಿ ಹೋಯಿತು. ಅದೇ ನವೆಂಬರಿನ ಚುನಾವಣೆಯಲ್ಲಿ ಸೋತರು. ೧೯೨೪ರ ನವೆಂಬರ್ ೧೫ರಂದು ತೀರಿಕೊಂಡಾಗ ವಯಸ್ಸು ನಲವತ್ತೈದೇ.

ದಿನಚರಿಯನ್ನು ಪತ್ನಿ ೧೯೩೦ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಲೋಣಾವಳಾದ ಕಟ್ಟೆಗೆ ಅಡಿಗಲ್ಲಿಟ್ಟ ಸಿಡೆನ್‌ಹ್ಯಾಮರು ಆಗ ಇನ್ನೂ ಬದುಕಿದ್ದರು.