ಮಾತು ಕಡಿಮೆ ಆಡಿದ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್

ಈ ಸಲದ ಗೋಡೆ ಪತ್ರಿಕೆಗೆ ನಾನು ಹೆನ್ರಿ ಕ್ಯಾವೆಂಡಿಶ್ ಅವರ ಜೀವನ ಚರಿತ್ರೆ ಬರೆದಿದ್ದೇನೆ. ವಿಜ್ಞಾನ ಪಾಠದಲ್ಲಿ ಜಲಜನಕ ಅನಿಲ ಬರುತ್ತದಲ್ಲ, ಅದನ್ನು ಕಂಡುಹಿಡಿದವರು ಇವರೇ. ನಾನು ಜಾಸ್ತಿ ಮಾತಾಡುವುದಿಲ್ಲ ಅಂತ ನೀವೆಲ್ಲ ನನ್ನನ್ನು ಮೂಕಬಸವ ಅಂತೀರಿ. ಇವರು ನನಗಿಂತ ಹತ್ತು ಪಾಲು ಹೆಚ್ಚು. ಅದಕ್ಕೇ ಇವರನ್ನು ಆರಿಸಿಕೊಂಡೆ.

ಇವರು 1731ನೇ ಇಸವಿ ಅಕ್ಟೋಬರ್ 10ರಂದು ಈಗ ಫ್ರಾನ್ಸ್ ದೇಶದಲ್ಲಿರುವ ನೀಸ್ ಪಟ್ಟಣದಲ್ಲಿ ಜನಿಸಿದರು. ಇಂಗ್ಲೆಂಡಿನ ದೊಡ್ಡ ಶ್ರೀಮಂತರ ಮನೆತನ. ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. 1749ರಲ್ಲಿ ಕೇಂಬ್ರಿಡ್ಜಿಗೆ ಓದಲು ಹೋಗಿ 1753ರಲ್ಲಿ ಪದವಿ ತೆಗೆದುಕೊಳ್ಳದೇ ಬಂದುಬಿಟ್ಟರು. ಆಮೇಲೆ ಲಂಡನ್ನಿನಲ್ಲಿ ತಂದೆಯ ಜೊತೆ ಇದ್ದು ಪ್ರಯೋಗ ಮಾಡತೊಡಗಿದರು. ಲೋಹದ ಮೇಲೆ ಆಮ್ಲ ಹಾಕಿದರೆ ಬರುವ, ಬೆಂಕಿ ತಾಗಿದರೆ ಹೊತ್ತಿಕೊಳ್ಳುವ ಗಾಳಿಯ ವಿಷಯವನ್ನು 1766ರಲ್ಲಿ ಪ್ರಕಟಿಸಿದರು. ಜಲಜನಕ ಎಂಬ ಹೆಸರು ಬಂದದ್ದು ಆಮೇಲೆ.

ಇವರಿಗೆ ಹೊಸಬರನ್ನು ಕಂಡರೆ ಆಗುತ್ತಿರಲಿಲ್ಲ. ಊಟಕ್ಕೆ ಏನು ಬೇಕೆಂದು ಚೀಟಿ ಬರೆದು ಇಡುತ್ತಿದ್ದರಂತೆ. ಕೆಲಸದ ಹೆಂಗಸರು ಎದುರಿಗೆ ಬರಬಾರದೆಂದು ಮನೆಗೆ ಇನ್ನೊಂದು ಮೆಟ್ಟಿಲು ಕಟ್ಟಿಸಿದರಂತೆ. ಇದು ಮಾತ್ರ ನನಗೆ ಸರಿ ಕಾಣಲಿಲ್ಲ. ದಿನಾ ಬೇಯಿಸಿ ಹಾಕುವವರ ಮುಖ ನೋಡಲೂ ಆಗದೇ? ದುಡ್ಡಿತ್ತು, ನಡೆಯಿತು. ನಮ್ಮ ಹಾಗೆ ಇದ್ದಿದ್ದರೆ ಅಂಗಡಿಗೆ ಹೋಗಿ ಬೆಲ್ಲ ಕೊಡಿ ಅಂತ ಬಾಯಿಬಿಟ್ಟು ಕೇಳಲೇಬೇಕಿತ್ತು.

ಹಾಗಂತ ಇವರು ಯಾರ ಜೊತೆಗೂ ಸೇರದವರಲ್ಲ. 1760ರಲ್ಲಿ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದ ಸದಸ್ಯರಾದರು. ಅವರ ವಾರದ ಊಟದ ಕೂಟವನ್ನು ತಪ್ಪಿಸುತ್ತಿದ್ದುದು ಅಪರೂಪ. ವಿಜ್ಞಾನಿಗಳು ಸೇರುವ ಒಂದು ಮನೆಗೂ ಹೋಗುತ್ತಿದ್ದರು. ಆದರೆ ಬಾಗಿಲ ಹತ್ತಿರ ಬಂದು ತಳ್ಳಲು ಧೈರ್ಯ ಸಾಲದೆ ಬಹಳ ಹೊತ್ತು ನಿಂತೇ ಇರುತ್ತಿದ್ದರು. ಹಿಂದಿನಿಂದ ಯಾರಾದರೂ ಮೆಟ್ಟಿಲು ಹತ್ತುವ ಸದ್ದಾದರೆ ಮಾತ್ರ ಬೇರೆ ದಾರಿಯಿಲ್ಲದೆ ಒಳಗೆ ಹೋಗುತ್ತಿದ್ದರು. ಇದನ್ನು ಓದಿದಾಗ ನನಗೆ ನಗುವೂ ಬಂತು, ಹೊಟ್ಟೆಯೊಳಗೆ ಒಂಥರಾನೂ ಆಯಿತು. ತಡವಾಗಿ ಬಂದ ದಿನ ನಾನೂ ತರಗತಿಯ ಬಾಗಿಲಲ್ಲಿ ಹೀಗೇ ನಿಲ್ಲುತ್ತೇನೆ. ಅಲ್ಲಿಯ ವಿಜ್ಞಾನಿಗಳು ಇವರನ್ನು ಗೇಲಿ ಮಾಡದೆ ಒಂದು ಉಪಾಯ ಕಂಡುಕೊಂಡಿದ್ದರು. ಇವರ ಮುಖ ನೋಡದೆ, ಗಾಳಿಗೆ ಹೇಳಿದ ಹಾಗೆ ವಿಜ್ಞಾನದ ಮಾತು ಆಡುವುದು. ಒಳ್ಳೆಯ ಮಾತಾಗಿದ್ದರೆ ಇವರೂ ಬಾಯಿ ಬಿಡುತ್ತಿದ್ದರು.

ಇನ್ನು ಭೂಮಿಯನ್ನು ತೂಗಿದ ಕಥೆ. 1797–98ರಲ್ಲಿ ಇವರಿಗೆ 66 ವರ್ಷ. ಸುಮಾರು 6 ಅಡಿ ಉದ್ದದ ಕೋಲನ್ನು ತಂತಿಯಿಂದ ನೇತುಹಾಕಿ, ಎರಡು ತುದಿಗೂ ಸಣ್ಣ ಸೀಸದ ಗುಂಡು ಕಟ್ಟಿದರು. ಹತ್ತಿರಕ್ಕೆ ತಲಾ ಸುಮಾರು 158 ಕಿಲೋ ತೂಗುವ ಎರಡು ದೊಡ್ಡ ಗುಂಡು ತಂದರು. ದೊಡ್ಡ ಗುಂಡು ಸಣ್ಣದನ್ನು ತನ್ನ ಕಡೆಗೆ ಎಳೆಯುತ್ತದೆ. ಆ ಎಳೆತ ಎಷ್ಟು ಸಣ್ಣದೆಂದರೆ, ಮನುಷ್ಯನ ಮೈಬಿಸಿಯಿಂದ ಗಾಳಿ ಅಲುಗಿದರೂ ಲೆಕ್ಕ ಕೆಡುತ್ತದೆ. ಅದಕ್ಕೆ ಎಲ್ಲವನ್ನೂ ಕೋಣೆಯಲ್ಲಿ ಮುಚ್ಚಿಟ್ಟು, ತಾವು ಹೊರಗೆ ನಿಂತು ದೂರದರ್ಶಕದಲ್ಲಿ ನೋಡಿದರು. ಆ ಯಂತ್ರಕ್ಕೂ ಇವರಂತೆಯೇ ಯಾರೂ ಹತ್ತಿರ ಬರಬಾರದು! ಭೂಮಿಯ ಸಾಂದ್ರತೆ ನೀರಿನ 5.48 ರಷ್ಟು ಎಂದು ಬಂತು. ಈಗಿನ ಲೆಕ್ಕ 5.51. ಎಷ್ಟು ಹತ್ತಿರ ನೋಡಿ. ಗಡಿಬಿಡಿಯವರಿಂದ ಈ ಕೆಲಸ ಆಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಇವರು ಮದುವೆಯಾಗಲಿಲ್ಲ. 1810ರ ಫೆಬ್ರವರಿ 24ರಂದು ತಮ್ಮ 78ನೇ ವಯಸ್ಸಿನಲ್ಲಿ ನಿಧನರಾದರು. ವಿದ್ಯುತ್ತಿನ ಬಗ್ಗೆ ಮಾಡಿದ ಎಷ್ಟೋ ಪ್ರಯೋಗಗಳನ್ನು ಯಾರಿಗೂ ಹೇಳದೆ ಬರೆದಿಟ್ಟಿದ್ದರು. ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ ಅವನ್ನು ಓದಿ 1879ರಲ್ಲಿ ಅಚ್ಚು ಹಾಕಿಸಿದರು. ಅಷ್ಟರೊಳಗೆ ಅದರಲ್ಲಿದ್ದ ಕೆಲವು ನಿಯಮಗಳನ್ನು ಬೇರೆಯವರು ಕಂಡುಹಿಡಿದು ಅವಕ್ಕೆ ಅವರ ಹೆಸರೇ ಬಂದಿತ್ತು. ಮಾತಾಡದಿದ್ದರೂ ಬರೆದು ತೋರಿಸಬಹುದಿತ್ತು ಅಂತ ನನಗೆ ಬೇಜಾರಾಯಿತು.

ಅದಕ್ಕೇ ನಾನು ಇದನ್ನು ಬರೆದು ಗೋಡೆಗೆ ಕೊಟ್ಟಿದ್ದೇನೆ. ಗುರುಗಳು ಇದನ್ನು ಪ್ರಾರ್ಥನೆಯಲ್ಲಿ ಓದಲು ನನ್ನನ್ನು ಕರೆಯಬಾರದೆಂದು ವಿನಂತಿ. ನೀವು ಓದುವಾಗ ನಾನು ಹಿಂದೆ ನಿಂತಿರುತ್ತೇನೆ.